ಬಸವಪ್ಪನ ಪಾದ ತೊಳೆದವಳು

"ಬೋರಯ್ಯ, ಈ ಅರಿಶಿನ ಹಚ್ಚಿದ್ದು ಯಾರು?"

ಸಂಪತ್ ಕುಮಾರರು ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಎದುರಿಗೆ, ಗದ್ದೆಯ ಈಶಾನ್ಯ ಮೂಲೆಯಲ್ಲಿ, ಒಂದು ಚಪ್ಪಟೆ ಕಲ್ಲು. ಮೇಲ್ಮೈಯನ್ನು ಮಳೆ ತೊಳೆದುಬಿಟ್ಟಿತ್ತು. ಆದರೆ ಕಲ್ಲಿನ ತಗ್ಗುಗಳಲ್ಲಿ, ಬೆರಳು ತಾಕದ ಕಡೆ, ಹಳದಿ ಇನ್ನೂ ಅಂಟಿಕೊಂಡಿತ್ತು. ಪಕ್ಕದ ಹೊಂಗೆ ಕೊಂಬೆಯಲ್ಲಿ ಒಣಗಿ ದಾರವಷ್ಟೇ ಉಳಿದ ಒಂದು ಹೂವಿನ ಹಾರ ಗಾಳಿಗೆ ಆಡುತ್ತಿತ್ತು.

"ನಂಗೆಂಗೆ ಗೊತ್ತು ಸ್ವಾಮಿ? ಈ ಗದ್ದೆ ಮಕ ನೋಡ್ತಿರೋದೇ ನಾನು ಇವತ್ತು," ಎಂದ ಬೋರಯ್ಯ.

ಕಾಗದದ ಪ್ರಕಾರ ಈ ಗದ್ದೆಯ ಒಡೆಯ ಅವನೇ.

ನಿಡಘಟ್ಟದ ಬೋರಯ್ಯ ಬಹಳ ವರ್ಷ ಕಲ್ಲಿಕೊಪ್ಪಲಿನ ರಾಜಕಾರಣಿ ಜಯಪ್ರಕಾಶನ ಕಾರು ಓಡಿಸಿದವನು. ಒಂದು ದಿನ ಜಯಪ್ರಕಾಶ ಅವನನ್ನು ಮಳವಳ್ಳಿಯ ನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿ, "ನಿಂಗೆ ಮನೆ ಮಂಜೂರಾಗೈತೆ ಕಣ್ಲಾ, ಸೈನ್ ಹಾಕು" ಅಂದಿದ್ದ. ಬೋರಯ್ಯ ಕಾರಿನ ಕೀಲಿಯನ್ನು ಎಡಗೈಲಿ ಹಿಡಿದುಕೊಂಡೇ ಬಲಗೈಲಿ ಸೈನ್ ಹಾಕಿದ್ದ. ಮನೆ ಬರಲಿಲ್ಲ. ಬದಲಿಗೆ ಒಂದು ತಿಂಗಳು ಸೊಸೈಟಿಯಲ್ಲಿ ಅಕ್ಕಿ ನಿಂತುಹೋಯಿತು. ಯಾಕೆ ಅಂತ ಕೇಳಿದರೆ, "ನಿನ್ನ ಹೆಸರಲ್ಲಿ ಅಷ್ಟೊಂದು ಜಮೀನಿದೆಯಲ್ಲಯ್ಯ, ನಿಂಗ್ಯಾಕೆ ಬಡವರ ಕಾರ್ಡು?" ಅಂದರು. ತಾನು ಶ್ರೀಮಂತ ಅನ್ನುವುದು ಬೋರಯ್ಯನಿಗೆ ತಿಳಿದದ್ದು ಹಾಗೆ.

ಆಮೇಲೆ ತನಿಖೆ ಬಂತು. ಜಯಪ್ರಕಾಶ ನಿಗಮದ ಅಧ್ಯಕ್ಷನಾಗಿದ್ದಾಗ ಸಂಪಾದಿಸಿದ್ದು ಎಷ್ಟು, ಎಲ್ಲಿ ಎಂಬ ದೂರು. ಅವನು ಕಣ್ಣು ಮಿಟುಕಿಸದೆ ಹೇಳಿಕೆ ಕೊಟ್ಟ: ನನ್ನ ಹೆಸರು ಹೇಳಿಕೊಂಡು ಜನರಿಂದ ಕಿತ್ತು ತಿಂದವನು ಡ್ರೈವರ್, ಗದ್ದೆ ಅವನದೇ, ನನಗೆ ಗೊತ್ತೇ ಇಲ್ಲ.

ಬರುವ ಸೋಮವಾರ ಬೋರಯ್ಯನ ಬಂಧನ. ಅದಕ್ಕೆ ಮೊದಲು ಈ ಗದ್ದೆ ಅವನದಲ್ಲ ಎಂದು ಯಾರಾದರೂ ತೋರಿಸಿಕೊಡಬೇಕು. ಅಷ್ಟೇ ವಿಷಯ.

ಸಂಪತ್ ಕುಮಾರರು ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಮಂಡ್ಯದಲ್ಲಿ ತಮ್ಮ ಪಾಡಿಗೆ ಇದ್ದವರು. ಬೆಳಗಿನ ಸಂಧ್ಯಾವಂದನೆ, ಸಂಜೆಯ ದೇವಸ್ಥಾನ, ನಡುವೆ ಯಾರಾದರೂ ಕಣ್ಣೀರಿಟ್ಟುಕೊಂಡು ಬಂದರೆ ಇಂಥದೊಂದು ಕೆಲಸ. ಅವರು ಕಲ್ಲಿನ ಮುಂದೆ ಕೈಮುಗಿದು ನಿಧಾನವಾಗಿ ಎದ್ದರು.

"ನಿನ್ನ ಹೆಂಡತಿ ಇಲ್ಲಿಗೆ ಬಂದಿದ್ದಳಾ?"

"ಅವ್ಳು ತೀರ್ಕೊಂಡು ಎಷ್ಟೋ ವರ್ಸ ಆಯ್ತಲ್ಲ ಸ್ವಾಮಿ."

"ಮಗಳು ರಂಜಿತ?"

"ಅವ್ಳು ಮದ್ದೂರು ಬಿಟ್ಟು ಈ ಕಡೆ ಬಂದೇ ಇಲ್ಲ."

"ತಾಯಿ? ತಂಗಿ? ಯಾರಾದರೂ ಮನೆಯ ಹೆಂಗಸು?"

"ಯಾರೂ ಇಲ್ಲ. ಯಾಕೆ?"

ಜೀಪಿಗೆ ಒರಗಿ ನಿಂತಿದ್ದ ಇನ್ಸ್‌ಪೆಕ್ಟರ್ ಸೌಮ್ಯ ಗಡಿಯಾರ ನೋಡಿಕೊಂಡಳು. ಈ ತನಿಖೆ ಅವಳದೇ. ಹಿರಿಯರ ಮಾತಿಗೆ ಬೆಲೆ ಕೊಟ್ಟು ಬಂದಿದ್ದಳೇ ಹೊರತು ಅವಳಿಗೆ ದೊಡ್ಡ ನಂಬಿಕೆಯೇನೂ ಇರಲಿಲ್ಲ. "ಸರ್, ಅರಿಶಿನ ಎಲ್ಲಾ ಗದ್ದೆಯಲ್ಲೂ ಇರುತ್ತೆ. ಯಾರೋ ಪೂಜೆ ಮಾಡಿರ್ತಾರೆ."

"ಯಾರೋ ಮಾಡುವ ಪೂಜೆಯಲ್ಲಮ್ಮ ಇದು. ನೀನು ಯಾವ ಕಡೆಯವಳು?"

"ಬೆಂಗಳೂರು ಸರ್."

"ಹಾಗಾದರೆ ಕೂತುಕೋ, ಹೇಳುತ್ತೇನೆ."

ಅವಳು ಕೂರಲಿಲ್ಲ. ಆದರೆ ಗಡಿಯಾರ ನೋಡುವುದನ್ನು ಬಿಟ್ಟಳು.

ಈ ಸೀಮೆಯಲ್ಲಿ ದೇವಸ್ಥಾನಕ್ಕೊಂದು ಬಸವನನ್ನು ಬಿಡುತ್ತಾರೆ. ಅದು ಬರಿಯ ಹೋರಿಯಲ್ಲ, ದೇವರ ಪರವಾಗಿ ನಡೆದಾಡುವ ಜೀವ. ಮದುವೆ ಕೂಡಿ ಬರದವರು, ಕಳುವಾದವರು, ಮನೆ ಕಟ್ಟುವವರು, ಎಲ್ಲರೂ ಅದರ ಮುಂದೆ ನಿಂತು ಕೇಳುತ್ತಾರೆ. ಮುಂಗಾಲು ಎತ್ತಿ ಅಂಗೈ ಮೇಲೆ ಇಟ್ಟರೆ ಒಪ್ಪಿಗೆ. ಮುಖ ತಿರುಗಿಸಿದರೆ ಇಲ್ಲ. ಕಲ್ಲಿಕೊಪ್ಪಲಿನ ಸುತ್ತ ಇನ್ನೂ ಒಂದು ನಡಾವಳಿ ಇದೆ. ಹೊಸದಾಗಿ ಜಮೀನು ಕೊಂಡವರು ನೇಗಿಲು ಇಳಿಸುವ ಮೊದಲು ಬಸವಪ್ಪನನ್ನು ಕರೆಸಿ ಈಶಾನ್ಯದ ಕಲ್ಲಿನ ಮೇಲೆ ಪಾದ ಇಡಿಸುತ್ತಾರೆ. ಆ ಪಾದವನ್ನು ತೊಳೆಯಬೇಕಾದವಳು ಕೊಂಡವರ ಮನೆಯ ಹಿರಿಯ ಹೆಂಗಸು. ಬೇರೆ ಯಾರೂ ನೀರು ಮುಟ್ಟುವಂತಿಲ್ಲ. ಯಾಕೆಂದರೆ, ಯಾರು ಪಾದ ತೊಳೆದರೋ ಭೂಮಿ ಅವರ ಮನೆಯದು ಅಂತ ದೇವರು ಬರೆದುಕೊಳ್ಳುತ್ತಾನೆ.

ಬೋರಯ್ಯ ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಅವನ ಕಣ್ಣು ಕಲ್ಲಿನ ಮೇಲೇ ನೆಟ್ಟಿತ್ತು. "ಅಯ್ಯೋ ಸಿವನೆ. ಊ ಕಣ್ ಸ್ವಾಮಿ. ನಮ್ಮನೇಲಿ ಯಾರೂ ತೊಳ್ದಿಲ್ವಲ್ಲ."

"ತೊಳೆಸಬೇಕಿತ್ತು ಜಯಪ್ರಕಾಶ," ಎಂದರು ಸಂಪತ್ ಕುಮಾರರು. "ಬುದ್ಧಿವಂತನಾಗಿದ್ದರೆ ನಿನ್ನ ಮಗಳನ್ನೇ ಕರೆಸಿ ತೊಳೆಸುತ್ತಿದ್ದ. ಕಾಗದಕ್ಕೂ ಕಲ್ಲಿಗೂ ಹೊಂದಿಕೆಯಾಗುತ್ತಿತ್ತು. ಆದರೆ ಅವನಿಗೆ ಧೈರ್ಯ ಬರಲಿಲ್ಲ. ಸರ್ಕಾರಕ್ಕೆ ನಿನ್ನ ಹೆಸರು ಕೊಟ್ಟ, ಬ್ಯಾಂಕಿಗೆ ನಿನ್ನ ಹೆಸರು ಕೊಟ್ಟ. ಬಸವಪ್ಪನಿಗೆ ಕೊಡುವಾಗ ಮಾತ್ರ ಹಿಂಜರಿದ. ಎಲ್ಲಿ ನಿಜವಾಗಿಯೂ ನಿನ್ನದಾಗಿಬಿಡುತ್ತದೋ ಅಂತ."

ಸೌಮ್ಯ ಜೀಪಿನ ಬಾಗಿಲು ತೆಗೆದಳು. "ಅವರ ಮನೆ ಎಷ್ಟು ದೂರ?"

* * *

ಜಯಪ್ರಕಾಶನ ಹಳ್ಳಿಮನೆ ಕಲ್ಲಿಕೊಪ್ಪಲಿನ ನಡುಬೀದಿಯಲ್ಲಿ. ಹೊರಗೆ ಹಳೆಯ ನಾಡಹೆಂಚು, ಒಳಗೆ ಕಾಲು ಜಾರುವ ಹಾಗೆ ಮಿನುಗುವ ನೆಲ. ವಾರಕ್ಕೊಮ್ಮೆ ತಾಯಿಯ ಕೈ ಊಟಕ್ಕೆ ಅವನು ತಪ್ಪದೆ ಬರುತ್ತಿದ್ದ.

ಅವನನ್ನು ಚಿಕ್ಕಂದಿನಿಂದ ಬಲ್ಲವರಿಗೆ ಒಂದು ಮಾತು ಗೊತ್ತು. ಪಂಚಾಯಿತಿಗೆ ನಿಂತಾಗ ಅವನ ಹತ್ತಿರ ಇದ್ದದ್ದು ಒಂದು ಮೊಪೆಡ್ಡು. ಅವನು ಯಾರ ಜೇಬಿಗೂ ಕೈ ಹಾಕಲಿಲ್ಲ. ಅಧಿಕಾರ ಅವನಿಗೆ ಮೊದಲು ಕೊಟ್ಟದ್ದು ಕಿವಿ. ಹೊಸ ರಸ್ತೆ ಯಾರ ಹೊಲದ ಮೇಲೆ ಹಾಯುತ್ತದೆ, ನಾಲೆಯ ಕೆಲಸ ಯಾವಾಗ ಶುರು, ಬಡಾವಣೆ ಯಾವ ದಿಕ್ಕಿಗೆ ಬೆಳೆಯುತ್ತದೆ, ಇವೆಲ್ಲ ಊರಿಗೆ ತಿಳಿಯುವ ಎಷ್ಟೋ ಮುಂಚೆ ಅವನಿಗೆ ತಿಳಿಯುತ್ತಿತ್ತು. ಗೊತ್ತಿಲ್ಲದ ರೈತ ಅಗ್ಗಕ್ಕೆ ಮಾರುತ್ತಿದ್ದ. ಗೊತ್ತಿದ್ದವನು ಇನ್ನೊಬ್ಬನ ಹೆಸರಲ್ಲಿ ಕೊಳ್ಳುತ್ತಿದ್ದ. ರಸ್ತೆ ಬಂದಾಗ ಪರಿಹಾರ ಬರುತ್ತಿತ್ತು. ಜನ ಕೊಟ್ಟ ಕುರ್ಚಿಯ ಮೇಲೆ ಕೂತು ಜನರ ಮಣ್ಣನ್ನೇ ಕೊಂಡರೂ ಯಾರಿಗೂ ಕಳ್ಳತನ ಅನ್ನಿಸದ ಹಾಗೆ ಅದು ನಡೆದುಹೋಗುತ್ತಿತ್ತು.

ಇವರು ಹೋದಾಗ ಅವನು ಹಜಾರದಲ್ಲಿ ತಟ್ಟೆಯ ಮುಂದೆ ಕೂತಿದ್ದ. ಹೆಂಡತಿ ವೀಣ ಉಪ್ಸಾರಿನ ಪಾತ್ರೆ ಹಿಡಿದು ನಿಂತಿದ್ದಳು.

"ಬನ್ನಿ ಬನ್ನಿ ಸಾಹೇಬ್ರೆ! ಮೇಡಂ ಬಂದವ್ರೆ, ಕುರ್ಚಿ ತತ್ತಾ ವೀಣ." ಆಮೇಲೆ ಅವನ ಕಣ್ಣು ಹೊಸ್ತಿಲಾಚೆಗೆ ಹೋಯಿತು. "ಓಹೋ! ನಮ್ ಸಾವ್ಕಾರ್ರೂ ಬಂದವ್ರೆ. ಏನಪ್ಪ ಬೋರ, ಗದ್ದೆ ನೋಡ್ಕೊಂಡು ಬಂದ್ಯಾ? ಕಬ್ಬು ಹೆಂಗೈತೆ?"

"ಕಬ್ಬಾಕಿರೋರ್ನ ಕೇಳು ಅಣ್ಣ," ಎಂದ ಬೋರಯ್ಯ.

"ನೋಡಿ ಮೇಡಂ, ಬಾಯಿ ಹೆಂಗೆ ಬೆಳೆದೈತೆ. ಉಪ್ಪು ತಿಂದ ಮನೇಗೇ."

ಸಂಪತ್ ಕುಮಾರರು ಚಪ್ಪಲಿ ಬಿಟ್ಟು ಒಳಗೆ ಬಂದರು. "ಜಯಪ್ರಕಾಶ್, ನಿಮ್ಮ ಹತ್ತಿರ ಕೆಲಸವಿಲ್ಲ. ನಿಮ್ಮ ತಾಯಿಯನ್ನು ನೋಡಬೇಕಿತ್ತು."

"ಅವ್ವನ್ನಾ? ಅವ್ವಂಗೇನ್ ಗೊತ್ತು ಇದೆಲ್ಲಾ? ವಯಸ್ಸಾಗೈತೆ, ಒಳಗೆ ಮಲಗವ್ಳೆ."

"ಯಾವೋನ್ಲಾ ಅವ್ನು ನಾನು ಮಲಗಿವ್ನಿ ಅಂದೋನು?"

ಹಿತ್ತಿಲ ಬಾಗಿಲಿನಿಂದ ಚಿಕ್ಕಬೋರಮ್ಮ ಬಂದಳು. ಮಡಿಲ ತುಂಬ ಕಿತ್ತ ಅವರೆಕಾಯಿ. ಬಾಗಿದ ಬೆನ್ನು, ಬಾಗದ ದನಿ. ಬೋರಯ್ಯನನ್ನು ಕಂಡಕೂಡಲೇ ಅಲ್ಲೇ ನಿಂತಳು. "ಏನ್ಲಾ ಬೋರ, ಇಂಗೆ ಒಣಗೋಗಿದ್ದೀ? ಉಣ್ಣಾಕಿಲ್ವಾ? ಎಷ್ಟು ದಿನ ಆಯ್ತ್ಲಾ ಈ ಕಡೆ ತಲೆ ಆಕಿ?"

ಬೋರಯ್ಯ ಅವಳ ಕಾಲು ಮುಟ್ಟಿದ.

"ಅವ್ವ, ಒಳಕ್ಕೋಗು ನೀನು," ಎಂದ ಜಯಪ್ರಕಾಶ.

"ಯಾಕ್ಲಾ ಓಗ್ಲಿ? ಮನೆಗೆ ಬಂದೋರ್ಗೆ ಒಂದ್ ಎಳನೀರು ಕೊಡೋದು ಬುಟ್ಟು."

ಸಂಪತ್ ಕುಮಾರರು ಅವಳಿಗೆ ಕೈಮುಗಿದರು. ಪೊಲೀಸ್ ಕೆಲಸದಲ್ಲಿ ಅವರು ಕಲಿತ ಒಂದು ವಿಷಯವಿತ್ತು: ಸುಳ್ಳು ಹೇಳಬೇಕಾದ ಕಡೆಗೆ ಜನರನ್ನು ತಳ್ಳಬಾರದು. ನಿಜ ಹೇಳುವುದು ಸಹಜವಾಗಿರುವ ಕಡೆಗೆ ಕರೆದುಕೊಂಡು ಹೋಗಬೇಕು. ಅವರು ಗದ್ದೆ ಯಾರದು ಅಂತ ಕೇಳಲಿಲ್ಲ.

"ಅಮ್ಮ, ಹೊಂಗೆ ಮರದ ಗದ್ದೆಯಲ್ಲಿ ಬಸವಪ್ಪ ಪಾದ ಇಟ್ಟನಂತಲ್ಲ. ಸಲೀಸಾಗಿ ಇಟ್ಟನಾ, ಇಲ್ಲ ಸತಾಯಿಸಿದನಾ?"

ಮುದುಕಿಯ ಮುಖ ಅರಳಿತು. "ಸತಾಯ್ಸೋದಾ! ಆವತ್ತು ನೋಡ್ಬೇಕಿತ್ತು ನೀವು. ಲಾರಿಯಿಂದ ಇಳಿದೋನೆ ನೆಟ್ಟಗೆ ಕಲ್ಲತ್ರ ಬಂದು..."

"ಅವ್ವ."

"ಸುಮ್ಕಿರ್ಲಾ, ಹೇಳ್ತಾ ಇವ್ನಿ. ನೆಟ್ಟಗೆ ಬಂದು ಬಲಗಾಲೆತ್ತಿ ಮಡಗ್ದ. ಊರೋರೆಲ್ಲ ಗೋವಿಂದ ಅಂದ್ರು."

"ಪಾದ ತೊಳೆದದ್ದು ಯಾರಮ್ಮ?"

ಜಯಪ್ರಕಾಶ ಎದ್ದು ನಿಂತ. ಕೈಯಲ್ಲಿ ಎಂಜಲು. "ಸಾಹೇಬ್ರೆ, ಇದೇನು ವಿಚಾರಣೆನಾ, ಹರಿಕಥೆನಾ? ಹೋರಿ ಕಾಲಿಗೆ ಯಾರೋ ನೀರು ಹಾಕಿದ್ರೆ ಆಸ್ತಿ ನಂದಾಗ್ತದಾ? ಯಾವ ಕೋರ್ಟ್ ಒಪ್ತದೆ?"

"ಹೋರಿ ಅಂದ್ಯಾ?" ಚಿಕ್ಕಬೋರಮ್ಮನ ದನಿ ಇಳಿಯಿತು. ಮಡಿಲ ಅವರೆಕಾಯಿ ನೆಲಕ್ಕೆ ಸುರಿದವು. "ಬಸವಪ್ಪನ್ನ ಹೋರಿ ಅಂದ್ಯೇನ್ಲಾ, ನನ್ ಮುಂದೆ?"

ಅವನು ಕಣ್ಣು ತಪ್ಪಿಸಿ ಕೈಯ ಎಂಜಲು ನೋಡಿಕೊಂಡ.

"ಅಮ್ಮ," ಎಂದಳು ಸೌಮ್ಯ. ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡಿದ್ದಳು. "ಆ ಗದ್ದೆ ಬೋರಯ್ಯನದು ಅಂತ ನಿಮ್ಮ ಮಗ ಬರೆದುಕೊಟ್ಟಿದ್ದಾರೆ. ಜನರಿಗೆ ಮೋಸ ಮಾಡಿ ಕೊಂಡ ಅಂತ. ಅದು ನಿಜವಾದರೆ ಸೋಮವಾರ ಬೋರಯ್ಯ ಜೈಲಿಗೆ ಹೋಗ್ತಾನೆ. ನಾನೇ ಕರೆದುಕೊಂಡು ಹೋಗಬೇಕು."

ಮುದುಕಿ ಅರ್ಥವಾಗದವಳ ಹಾಗೆ ಒಬ್ಬೊಬ್ಬರ ಮುಖ ನೋಡಿದಳು. ಕಡೆಗೆ ಮಗನ ಮುಖದ ಮೇಲೆ ಕಣ್ಣು ನಿಂತಿತು.

"ಬೋರ ಜೈಲಿಗಾ? ನಿಂಗೆ ಕಾಮಾಲೆ ಆದಾಗ ಎತ್ಕೊಂಡೋಗಿ ಆಸ್ಪತ್ರೆಗೆ ಆಕಿದ್ನಲ್ಲೋ, ಆ ಬೋರನಾ?"

"ಅವ್ವ, ನಿಂಗೆ ರಾಜಕೀಯ ಗೊತ್ತಾಗಕಿಲ್ಲ. ವಕೀಲ್ರು ನೋಡ್ಕೋತಾರೆ, ಒಂದೆರಡು ತಿಂಗಳು, ಆಮೇಲೆ ನಾನೇ ಬಿಡಿಸ್ತೀನಿ. ಅವನ ಮಗಳಿಗೆ ಒಂದು ದಾರಿ ಮಾಡ್ತೀನಿ. ಈಗ ನೀನು ಗೊತ್ತಿಲ್ಲ ಅನ್ನು ಸಾಕು."

ಬೀದಿಯಲ್ಲಿ ಬಸ್ಸೊಂದು ಹಾರನ್ ಹೊಡೆದು ಹೋಯಿತು. ಬೋರಯ್ಯ ಕಂಬಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿಕೊಂಡಿದ್ದ. ಅವನ ಇಡೀ ಬದುಕು ಆ ಮುದುಕಿಯ ಮುಂದಿನ ಮಾತಿನಲ್ಲಿತ್ತು. ತಾಯಿಗೆ ಮಗನಿಗಿಂತ ಡ್ರೈವರ್ ಹೆಚ್ಚಾದ ಉದಾಹರಣೆ ಅವನು ಎಲ್ಲೂ ಕಂಡಿರಲಿಲ್ಲ.

ಚಿಕ್ಕಬೋರಮ್ಮ ತನ್ನ ಎರಡೂ ಅಂಗೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. ಅವರೆ ಸೊಗಡಿನ ಎಣ್ಣೆಗೆ ಅವು ಹೊಳೆಯುತ್ತಿದ್ದವು.

"ಈ ಕೈಲಿ ತೊಳ್ದಿವ್ನಿ ಕಣಮ್ಮ," ಎಂದಳು ಸೌಮ್ಯಳ ಕಡೆ ತಿರುಗಿ. "ಅರಿಸ್ನದ ನೀರಲ್ಲಿ ನಾನೇ ತೊಳ್ದೆ. ಈ ಮನೆ ಇರಿಯೋಳು ನಾನು. ನನ್ ಮಗ ಕೊಂಡಿರೋ ಗದ್ದೆ ಅಂತ, ನಮ್ ವಂಸ ಉಣ್ಲಿ ಅಂತ ಬಸವಪ್ಪನ್ನ ಕೇಳ್ಕೊಂಡೆ. ಅವ್ನೂ ತಲೆ ಆಡಿಸ್ದ. ಊರೇ ನೋಡೈತೆ. ಬೇಕಾದ್ರೆ ಯಾರ್ನ ಬೇಕಾದ್ರೂ ಕೇಳು. ಆ ಪಾದ ಮುಟ್ಟಿ ಬಂದು ಈಗ ಗೊತ್ತಿಲ್ಲ ಅನ್ನಕ್ಕೆ ನನ್ ಕೈಲಾಗಕಿಲ್ಲ."

"ದುಡ್ಡು ಯಾರದಮ್ಮ?"

"ಬೋರನತ್ರ ಎಲ್ಲೈತೆ ದುಡ್ಡು? ಮಗಳು ಓದಕ್ಕೆ ಅಂತ ನನ್ನತ್ರ ಕೈಸಾಲ ಇಸ್ಕೊಂಡೋನು. ದುಡ್ಡು ಇವ್ನೇ ಕೊಟ್ಟಿದ್ದು. ಈ ಅಜಾರದಲ್ಲೇ ಕುಂತು ಮಾರ್ದೋರ್ಗೆ ಕೊಟ್ಟ. ನಾನೇ ಅವ್ರ್ಗೆ ಕಾಪಿ ಕೊಟ್ಟಿವ್ನಿ."

ಸೌಮ್ಯ ಫೋನಿನಲ್ಲಿ ಎಲ್ಲವನ್ನೂ ದಾಖಲು ಮಾಡಿಕೊಂಡಳು. ಮಾರಿದವರ ಹೆಸರು ಕೇಳಿದಳು. ಮುದುಕಿ ಅವರ ಅಪ್ಪಂದಿರ ಹೆಸರನ್ನೂ ಸೇರಿಸಿ ಹೇಳಿದಳು.

"ಬೋರಯ್ಯ," ಎಂದಳು ಸೌಮ್ಯ, ಫೋನು ಜೇಬಿಗಿಟ್ಟು. "ಸೋಮವಾರ ನೀನು ಬರಬೇಕು. ಆದರೆ ಆರೋಪಿಯಾಗಿ ಅಲ್ಲ, ಸಾಕ್ಷಿಯಾಗಿ. ಸಂಜೆ ನಿಮ್ಮ ಮನೆಗೆ ನೀನೇ ಹೋಗ್ತೀಯ."

ಬೋರಯ್ಯ ಕಣ್ಣು ಬಿಟ್ಟ. "ಅಂದ್ರೆ... ಗದ್ದೆ ನಂದಲ್ಲ ಅಲ್ವಾ ಮೇಡಂ?"

"ನಿನ್ನದಲ್ಲ."

"ಒಂದ್ ಕುಂಟೆನೂ?"

"ಒಂದು ಗುಂಟೆಯೂ ಇಲ್ಲ."

"ಸಿವಾ ಸಿವಾ!" ಅವನು ಕಂಬದ ಬುಡದಲ್ಲಿ ಕುಸಿದು ಕೂತ. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. "ನಂಗೇನೂ ಇಲ್ಲ! ಲೇ, ನಂಗೇನೇನೂ ಇಲ್ಲ ಕಣ್ರಪ್ಪ!"

ಸಂಪತ್ ಕುಮಾರರಿಗೂ ನಗು ಬಂತು. ಏನೂ ಇಲ್ಲ ಅನ್ನುವ ಸುದ್ದಿ ಕೇಳಿ ಮನುಷ್ಯನೊಬ್ಬ ಇಷ್ಟು ಹಗುರಾದದ್ದನ್ನು ಅವರು ನೋಡಿರಲಿಲ್ಲ. ಭಗವಂತ ಕೊಡುವುದನ್ನಷ್ಟೇ ಪ್ರಸಾದ ಅನ್ನುತ್ತೇವೆ. ಒಮ್ಮೊಮ್ಮೆ ಅವನು ಇಳಿಸಿಕೊಳ್ಳುವುದೂ ಪ್ರಸಾದವೇ ಅನ್ನಿಸಿತು. ಬೋರಯ್ಯ ಕಣ್ಣೀರಿಟ್ಟುಕೊಂಡು ಬಂದ ದಿನದಿಂದ ಅವರ ಎದೆಯ ಮೇಲೂ ಕೂತಿದ್ದ ಕಲ್ಲೊಂದು ಉರುಳಿಹೋಗಿತ್ತು.

ವೀಣ ಒಳಗಿನಿಂದ ಎಳನೀರು ತಂದು ಎಲ್ಲರಿಗೂ ಕೊಟ್ಟಳು. ಮೊದಲನೆಯದು ಬೋರಯ್ಯನಿಗೆ. "ಕುಡಿ ಬೋರಣ್ಣ. ನಿನ್ ಹೆಸ್ರಲ್ಲಿರೋ ಗದ್ದೇದಲ್ಲ, ಹಿತ್ಲುದು. ಹೆದರ್ಕೋಬೇಡ." ಬೋರಯ್ಯ ಬಾಯಿ ತುಂಬ ನಕ್ಕು, ಎಳನೀರು ಎದೆಗೆ ಚೆಲ್ಲಿಕೊಂಡ.

"ಸರಿ ಬುಡಿ ಮೇಡಂ," ಎಂದ ಜಯಪ್ರಕಾಶ. "ಅವ್ವ ಹೇಳಿದ್ದಾಳೆ, ನಾನ್ಯಾಕೆ ಇಲ್ಲ ಅನ್ಲಿ? ಗದ್ದೆ ನಂದೇ ಅಂತ ಬರ್ಕೊಳ್ಳಿ. ಕೋರ್ಟಿನಲ್ಲಿ ನೋಡ್ಕೊಳ್ಳೋಣ."

ಅವನು ಕೈ ತೊಳೆದುಕೊಂಡು ಮತ್ತೆ ತಟ್ಟೆಯ ಮುಂದೆ ಕೂತ. "ಇನ್ನೊಂದು ಮುದ್ದೆ ಹಾಕು ವೀಣ. ಬಿಸಿ ಇದ್ರೆ."

ಸಂಪತ್ ಕುಮಾರರು ಹೊಸ್ತಿಲು ದಾಟಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದವರು ತಲೆಯೆತ್ತಿದರು.

ಅಷ್ಟು ದೊಡ್ಡ ಗದ್ದೆ ಜಪ್ತಿಗೆ ಹೋಗುವಂತಾದವನು, ಹೆತ್ತ ತಾಯಿಯಿಂದಲೇ ಸುಳ್ಳುಗಾರನಾದವನು, ಮುದ್ದೆ ಮುರಿದು ಉಪ್ಸಾರಿನ ಖಾರಕ್ಕೆ ಹೊರಳಿಸಿ ಸಮಾಧಾನವಾಗಿ ನುಂಗುತ್ತಿದ್ದ. ಹೆಗಲು ಸಡಿಲವಾಗಿತ್ತು. ಹಣೆಯ ಮೇಲಿನ ಬೆವರು ಆರಿತ್ತು. ಬೋರಯ್ಯನ ಮುಖದಲ್ಲಿ ಈಗಷ್ಟೇ ಕಂಡದ್ದೇ ಇವನ ಮುಖದಲ್ಲೂ ಇತ್ತು: ಸದ್ಯ, ಪಾರಾದೆ.

ಯಾವುದರಿಂದ?

ಅವರು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದರು. ಚಿಕ್ಕಬೋರಮ್ಮ ನೆಲದ ಮೇಲೆ ಚೆಲ್ಲಿದ ಅವರೆಕಾಯಿ ಆಯುತ್ತಿದ್ದಳು. ಅವರೂ ಪಕ್ಕದಲ್ಲಿ ಕೂತು ಒಂದೊಂದೇ ಆಯ್ದು ಕೊಟ್ಟರು.

"ಅಮ್ಮ, ಬಸವಪ್ಪನನ್ನು ನಿಮ್ಮ ಮಗ ಈ ಗದ್ದೆಗೆ ಮಾತ್ರ ಕರೆಸಿದ್ದಾ?"

ತುತ್ತು ಜಯಪ್ರಕಾಶನ ಬಾಯಿಯ ಹತ್ತಿರ ನಿಂತಿತು.

"ಎಲ್ಲಿ ಬಂತು? ಸಿವಪುರದತ್ರ ತೋಟಕ್ಕೆ ಕರ್ಸಿದ್ದ. ಮಂಡ್ಯದಲ್ಲಿ ಕಟ್ಟುಸ್ತಾ ಅವ್ರಲ್ಲ ಛತ್ರ, ಆ ಜಾಗಕ್ಕೆ. ರೋಡ್ ಪಕ್ಕ ಪೆಟ್ರೋಲ್ ಬಂಕ್ ಬತ್ತದಂತೆ, ಅಲ್ಲಿಗೂ. ಪಾಪ, ಲಾರಿ ಅತ್ತಿ ಇಳ್ದು ಬಸವಪ್ಪಂಗೇ ಸಾಕಾಗೋಗಿತ್ತು."

"ಅವ್ವ, ಸಾಕು ಮಾಡು!"

"ಅಲ್ಲೆಲ್ಲ ಪಾದ ತೊಳೆದದ್ದೂ ನೀವೇ ಅಲ್ಲವಾ?"

"ಇಲ್ಲ ಕಣಪ್ಪ. ಅಲ್ಲಿ ನಾನು ಸುಮ್ನೆ ನಿಂತಿದ್ದೆ." ಅವಳು ಒಂದು ಅವರೆಕಾಯಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. "ಅಲ್ಲಿ ತೊಳ್ದೋಳು ಬ್ಯಾರೆ ಒಬ್ಳು. ಮಂಡ್ಯ ಕಡೆಯೋಳು. ಜಾಗ ಕೊಂಡಿರೋರ ಮನೆ ಎಣ್ಮಗಳು, ಅವ್ರೇ ತೊಳೀಬೇಕು ಅಂದ ಇವ್ನು. ಸರಿ ಅಂದ್ಕೊಂಡೆ. ಲಕ್ಸಣವಾಗವ್ಳೆ. ಕಂಕುಳಲ್ಲಿ ಒಂದು ಗಂಡು ಕೂಸು. ಆ ಕೂಸಿನ ಕೈನ ಇವ್ನೇ ಇಡ್ಕೊಂಡು ಬಸವಪ್ಪನ ಪಾದಕ್ಕೆ ನೀರು ಬುಡಿಸ್ದ..."

ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ಕೈಯ ಅವರೆಕಾಯಿ ತಿರುಗುವುದು ನಿಂತಿತು. ತಾನು ಏನು ನೋಡಿದ್ದೆ ಎಂಬುದನ್ನು ಮುದುಕಿ ಈಗ ಮೊದಲ ಸಲ ನೋಡುತ್ತಿದ್ದಳು.

ಅಡುಗೆಮನೆಯ ಬಾಗಿಲಲ್ಲಿ, ಬಿಸಿ ಮುದ್ದೆಯ ತಟ್ಟೆ ಹಿಡಿದು ಬಂದ ವೀಣ ಅಲ್ಲೇ ನಿಂತಿದ್ದಳು.

"ಅದ್ಯಾರ ಕೂಸು ಅತ್ತೆ?" ಎಂದಳು.